ನೆಟ್ಟಗೆ ನಡೆದ ದಿನ

ಒಳಗೆ ಹೋದ ಮೇಲೆ ಇದ್ದ ಹಾಗೇ ನಡೆಯಬೇಕು, ಅಷ್ಟೇ. ದೊಡ್ಡಮಳೂರಿನಲ್ಲಿ ಬಸ್ಸು ಹತ್ತಿದಾಗಿನಿಂದ ಭಾನುಪ್ರಿಯ ಈ ಒಂದು ಮಾತನ್ನೇ ತನಗೆ ತಾನು ಹೇಳಿಕೊಳ್ಳುತ್ತಾ ಬಂದಿದ್ದಳು. ಕೆಂಗಲ್ ದಾಟುವಾಗ ಆಂಜನೇಯನಿಗೆ ಕೈಮುಗಿಯುವುದು ಕೂಡ ಮರೆತುಹೋಗಿ, ಬೇಯುವ ರೇಷ್ಮೆಗೂಡಿನ ನಾತ ಮೂಗಿಗೆ ಬಡಿದಾಗಲೇ ರಾಮನಗರ ಬಂತೆಂದು ಎಚ್ಚರಾದದ್ದು. ಈಗ ಕ್ರೀಡಾಂಗಣದ ಪಡಸಾಲೆಯಲ್ಲಿ, ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲೊಂದರ ಮೇಲೆ ಕೂತು, ಸರದಿಯ ಚೀಟಿಯನ್ನು ಬೆವರಿದ ಕೈಯಲ್ಲಿ ಹಿಂಡುತ್ತಿರುವಾಗ, ಇದ್ದ ಹಾಗೆ ನಡೆಯುವುದೆಂದರೆ ಹೇಗೆ ಎಂಬುದೇ ತನಗೆ ಗೊತ್ತಿಲ್ಲವಲ್ಲ ಎಂದು ಹೊಳೆಯಿತು. ಮೂರು ವರ್ಷದವಳಿದ್ದಾಗ ಜ್ವರಕ್ಕೆಂದು ಯಾವನೋ ಚುಚ್ಚಿದ ಸೂಜಿ ನರಕ್ಕೆ ತಾಗಿ ಎಡಪಾದ ಜೋತುಬಿದ್ದಿತ್ತು. ಆಮೇಲೆ ಆ ಕಾಲು ಬಲಗಾಲಿನ ಜೊತೆ ಬೆಳೆಯಲು ಮನಸ್ಸು ಮಾಡಲಿಲ್ಲ, ಒಂದಿಂಚು ಹಿಂದೆಯೇ ಉಳಿಯಿತು. ಅಂದಿನಿಂದ ಇಪ್ಪತ್ತೆಂಟು ವರ್ಷ ಅವಳು ನಡೆದದ್ದೆಲ್ಲ ನೋಡುವವರಿಗಾಗಿ. ಊರಿನ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ಅವಳು. ಪೇಪರು ಓದಲು ಬರುವ ಮುದುಕರು ಎದ್ದುಹೋದ ಮೇಲೆ ಎರಡು ಬೀರುಗಳ ಸಂದಿಯಲ್ಲಿ ಹತ್ತು ಹೆಜ್ಜೆ ಹಾಕುತ್ತಾಳಲ್ಲ, ಅದೊಂದು ಅವಳ ಸ್ವಂತ ನಡಿಗೆ ಇರಬೇಕು. ಅದನ್ನು ಅವಳೂ ನೋಡಿಲ್ಲ.

ಅವಳಿಗೆ ಟೇಬಲ್ ಟೆನಿಸ್ ಕಲಿಸಿದ ಹನುಮಂತಯ್ಯ ಮೇಷ್ಟ್ರು ಹಿಂದಿನ ಸಂಜೆಯೇ ಫೋನು ಮಾಡಿದ್ದರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ರಿಟೈರಾದವರು, ಸೀಟಿ ಬಿಟ್ಟರೂ ಸೀಟಿಯ ದನಿ ಬಿಟ್ಟಿರಲಿಲ್ಲ. "ನೋಡವ್ವ, ಇದೇನ್ ಹೆಣ್ ನೋಡೋ ಶಾಸ್ತ್ರ ಅಲ್ಲ. ಇರೋ ಊನ ಇದ್ದಂಗೆ ತೋರ್ಸುದ್ರೇ ಇಲ್ಲಿ ಮರ್ವಾದೆ. ಜಾಸ್ತೀನೂ ತೋರಿಸ್ಬ್ಯಾಡ, ಕಮ್ಮೀನೂ ತೋರಿಸ್ಬ್ಯಾಡ. ನಿನ್ ಒಂಬತ್ತು ಉಳುಸ್ಕೋ, ಸಾಕು." ಅಂಗವಿಕಲರ ಈ ಆಟದಲ್ಲಿ ನಿಂತು ಆಡುವವರಿಗೆ ಆರರಿಂದ ಹತ್ತರವರೆಗೆ ಅಂಕಿ ಕೊಡುತ್ತಾರೆ, ಊನ ಹೆಚ್ಚಿದ್ದಷ್ಟೂ ಅಂಕಿ ಸಣ್ಣದು. ಒಬ್ಬ ಗಂಡಸು ಒಬ್ಬ ಹೆಂಗಸು ಸೇರಿ ಆಡುವ ಮಿಶ್ರ ಡಬಲ್ಸ್‌ನಲ್ಲಿ ಇಬ್ಬರ ಅಂಕಿ ಕೂಡಿದರೆ ಹದಿನೇಳು ದಾಟಬಾರದು. ಅವಳ ಜೊತೆ ಆಡುವ ಆಫ್ತಾಬನದು ಎಂಟು, ಅವಳದು ಒಂಬತ್ತು. ಹೋದ ವರ್ಷ ಒಂದು ಸಣ್ಣ ರೂಮಿನಲ್ಲಿ, ಒಬ್ಬರೇ ಹೆಂಗಸು ಡಾಕ್ಟರ ಮುಂದೆ, ಬಾಗಿಲು ಹಾಕಿಕೊಂಡು ಸಿಕ್ಕಿದ ಒಂಬತ್ತು ಅದು. ಆದರೆ ಅದು ತಾತ್ಕಾಲಿಕ; ಇವತ್ತು ಕೊಡುವುದೇ ಖಾಯಂ. ಇವತ್ತು ಅದು ಹತ್ತಾದರೆ ಹದಿನೆಂಟಾಗುತ್ತದೆ. ರಾಜ್ಯ ತಂಡಕ್ಕೆ ಆರಿಸುವ ಆಟ ಮಧ್ಯಾಹ್ನವೇ ಇದೆ, ಅದರಲ್ಲಿ ಹದಿನೆಂಟಕ್ಕೆ ಜಾಗವಿಲ್ಲ. ವಾರಕ್ಕೆ ಮೂರು ಸಂಜೆ ಇದೇ ಕ್ರೀಡಾಂಗಣಕ್ಕೆ ಬಂದು ಅವನ ಪಕ್ಕದಲ್ಲಿ ನಿಲ್ಲಲು ಅವಳಿಗೆ ಬೇರೆ ಯಾವ ಕಾರಣವೂ ಇರಲಿಲ್ಲ. ಲೋಕ ಒಪ್ಪುವಂಥ ಕಾರಣ ಅದೊಂದೇ. ಆಟದ ಕೋಟಾದಲ್ಲಿ ಮಗಳಿಗೆ ಸರ್ಕಾರಿ ಕೆಲಸ ಖಾಯಮ್ಮಾಗುತ್ತದೆ ಎಂದು ಅವ್ವ ಶಿವಲಿಂಗಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಮಗಳು ಹೊತ್ತ ಹರಕೆಯೇ ಬೇರೆ ಎಂದು ಆ ದೇವರುಗಳಿಗಾದರೂ ಗೊತ್ತಿದ್ದೀತು.

ಆಫ್ತಾಬ್ ಪಡಸಾಲೆಯ ಆ ತುದಿಯಲ್ಲಿ, ಬಲಗಾಲಿಗೆ ಆಸರೆಯಾಗಿ ಕಟ್ಟಿದ ಕಬ್ಬಿಣದ ಕ್ಯಾಲಿಪರಿನ ಪಟ್ಟಿ ಸಡಿಲಿಸಿಕೊಂಡು, ಕಾಲು ನೀಡಿ ಕೂತಿದ್ದ. ಅವನ ತಪಾಸಣೆ ಎರಡು ವರ್ಷದ ಹಿಂದೆಯೇ ಮುಗಿದು ಎಂಟು ಖಾಯಮ್ಮಾಗಿತ್ತು. "ಕುಂಟನಿಗೆ ಎಂಟು ಚೇಷ್ಟೆ ಅಂತ ನಮ್ ಮೊಹಲ್ಲಾದಲ್ಲಿ ರೇಗುಸ್ತಿದ್ರು ಮೇಡಂ, ಸರ್ಕಾರದೋರೂ ಎಣಿಸಿ ಸರಿಯಾಗಿ ಎಂಟೇ ಕೊಟ್ರು ನೋಡಿ" ಎಂದು ಮೊದಲ ಸಲ ನಗಿಸಿದ್ದವನು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸ. ಉಗುರಿನ ಸಂದಿಯಲ್ಲಿ ಯಾವಾಗಲೂ ಅರಗಿನ ಬಣ್ಣ, ಒಂದು ವಾರ ಹಳದಿ, ಒಂದು ವಾರ ಕೆಂಪು. ಈ ವಾರ ಯಾವ ಬಣ್ಣದ ಕೆಲಸ ನಡೆಯುತ್ತಿದೆಯೆಂದು ಅವಳು ಕೇಳದೆಯೇ ತಿಳಿದುಕೊಳ್ಳುತ್ತಿದ್ದಳು, ತಿಳಿದುಕೊಂಡದ್ದನ್ನು ಮನೆಗೆ ಒಯ್ಯುತ್ತಿದ್ದಳು. ಡಬಲ್ಸ್‌ನಲ್ಲಿ ಒಬ್ಬರು ಹೊಡೆದ ಮೇಲೆ ಮುಂದಿನದನ್ನು ಇನ್ನೊಬ್ಬರೇ ಹೊಡೆಯಬೇಕು. ಹೊಡೆದವರು ಪಕ್ಕಕ್ಕೆ ಸರಿಯಬೇಕು, ಬಿಟ್ಟ ಜಾಗಕ್ಕೆ ಇನ್ನೊಬ್ಬರು ನುಗ್ಗಬೇಕು. ಅವನು ನಿಂತಿದ್ದ ಜಾಗದ ಬಿಸಿ ಆರುವ ಮೊದಲೇ ಅಲ್ಲಿ ತಾನು ನಿಲ್ಲುವುದು, ತನ್ನ ಜಾಗಕ್ಕೆ ಅವನು ಬರುವುದು. ಇಬ್ಬರೂ ಮುಟ್ಟಿಕೊಂಡದ್ದೇ ಇಲ್ಲ. ಮೊದಲ ಎರಡು ತಿಂಗಳು ಊರಿನ ರೂಢಿಯಂತೆ ಆಫ್ತಾಬಣ್ಣ ಎಂದು ಬಾಯಿತುಂಬ ಕರೆದಿದ್ದಳು. ಮೂರನೆಯ ತಿಂಗಳು ಅಣ್ಣ ಎಂಬುದು ಗಂಟಲಲ್ಲೇ ನಿಂತಿತು. ಬರಿಯ ಹೆಸರು ಹಿಡಿದು ಕರೆಯುವ ಧೈರ್ಯವಿಲ್ಲ, ಹಾಗಾಗಿ ಏನನ್ನೂ ಕರೆಯದೆ 'ಇಲ್ನೋಡಿ' ಎಂದು ಶುರುಮಾಡತೊಡಗಿದಳು. ಅವನು ಗಮನಿಸಿದ್ದನೋ ಇಲ್ಲವೋ. ಅವನ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ ಎಂದು ಅವನೇ ಹೇಳಿದ ದಿನ ಅವಳು ಹನ್ನೊಂದು ಸರ್ವೀಸು ನೆಟ್ಟಿಗೆ ಹೊಡೆದಳು.

"ಭಾನುಪ್ರಿಯ, ದೊಡ್ಡಮಳೂರು" ಎಂದು ಕೂಗಿದರು. ಒಳಗೆ ಇಬ್ಬರಿದ್ದರು; ಕನ್ನಡಕದ ಡಾಕ್ಟರಮ್ಮ, ಬರೆದುಕೊಳ್ಳುವ ಒಬ್ಬ ಫಿಸಿಯೋ. ಶೂ, ಕಾಲುಚೀಲ ಬಿಚ್ಚಿಸಿ, ಪ್ಯಾಂಟನ್ನು ಮಂಡಿಯವರೆಗೆ ಮಡಿಸಲು ಹೇಳಿ, ಡಾಕ್ಟರಮ್ಮ ಅವಳ ಎಡಪಾದವನ್ನು ಅಂಗೈಯಲ್ಲಿಟ್ಟುಕೊಂಡರು. "ತಳ್ಳಿ, ಎಳೀರಿ, ಬೆರಳು ಮೇಲಕ್ಕೆ" ಎಂದರು. ಬೆರಳು ಮೇಲೇಳಲಿಲ್ಲ. ಅವಳಿಗೆ ಸಮಾಧಾನವೇ ಆಯಿತು. ಪಾದ ತನ್ನ ಪಾಡಿಗೆ ತಾನು ನಿಜ ಹೇಳುತ್ತಿದೆ, ತಾನು ಅಡ್ಡಬರದಿದ್ದರಾಯಿತು. "ಈಗ ನಡೆದು ತೋರಿಸಿ. ಇಲ್ಲಿ ಜಾಗ ಸಾಲಲ್ಲ, ಹೊರಗೆ ಪಡಸಾಲೇಲಿ ಆ ತುದಿವರೆಗೂ ಹೋಗಿ ಬನ್ನಿ. ಹಾಗೇ, ಬರಿಗಾಲಲ್ಲೇ" ಎಂದರು ಡಾಕ್ಟರಮ್ಮ, ಬಾಗಿಲು ತೆರೆದು. ಮಡಿಸಿದ ಪ್ಯಾಂಟನ್ನು ಇಳಿಬಿಡಲೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಹೊರಗೆ ಕುರ್ಚಿಯ ಮೇಲಿದ್ದವರೆಲ್ಲ ತಲೆಯೆತ್ತಿದರು. ಆ ತುದಿಯಲ್ಲಿ ಆಫ್ತಾಬ್ ಎದ್ದು ನಿಂತ. ಅವಳು ಅವನ ಕಡೆಗೇ ನಡೆದು ಹೋಗಬೇಕಿತ್ತು.

ಮಗ, ಬೆರಳ್ ತುದಿ ಊರು. ಮಂಡಿ ಬಿಗಿಮಾಡ್ಕೊ. ಚಿಕ್ ಚಿಕ್ ಹೆಜ್ಜೆ ಇಕ್ಕು, ಕಣ್ಣು ತಟ್ಟೆ ಮ್ಯಾಲಿರ್ಲಿ. ಹೀಗೆನ್ನುತ್ತಾ ಅವ್ವ ಹಿತ್ತಿಲ ಬಾಗಿಲಿನಿಂದ ನಡುಮನೆಯವರೆಗೆ ಎಷ್ಟು ಮಧ್ಯಾಹ್ನ ಅವಳನ್ನು ನಡೆಸಿದ್ದಳೋ, ಕೈಯಲ್ಲಿ ಖಾಲಿ ಲೋಟಗಳ ತಟ್ಟೆ, ಲೋಟ ಸದ್ದಾದರೆ ಮತ್ತೆ ಮೊದಲಿನಿಂದ. ನೋಡಲು ಬಂದ ಗಂಡಿನ ಸೋದರತ್ತೆಯೊಬ್ಬಳು ಕಾಫಿ ಕುಡಿದು, "ಒಸಿ ಆ ಕಿಟ್ಕಿ ಬಾಗ್ಲು ಹಾಕವ್ವ, ಬಿಸ್ಲು ಕಣ್ಗೆ ಹೊಡೀತೈತೆ" ಎಂದಿದ್ದಳು. ಪರೀಕ್ಷೆ ಎಂದು ಗೊತ್ತಿದ್ದೂ ಅವಳು ಹೋಗಿ ಹಾಕಿ ಬಂದಿದ್ದಳು, ಒಂದು ಕೂದಲೆಳೆಯಷ್ಟೂ ವಾಲದೆ. "ಲಕ್ಷಣವಾಗವ್ಳೆ" ಎಂದರು ಎಲ್ಲರೂ. ಹೊರಡುವಾಗ ಅದೇ ಸೋದರತ್ತೆ ಹೊಸ್ತಿಲ ಹೊರಗೆ ಬಗ್ಗಿ, ಅಟ್ಟೆ ಎತ್ತರಿಸಿದ ಎಡಗಾಲಿನ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ, ಇದ್ಯಾರದು ಎಂದು ಕೇಳಿದಳು. ಅವ್ವ ತಡಮಾಡದೆ, "ಕೆಲ್ಸದೋಳ್ದು" ಎಂದಳು. ಆ ಮನೆಗೆ ಯಾವ ಕಾಲದಲ್ಲೂ ಕೆಲಸದವಳಿರಲಿಲ್ಲ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಭಾನುಪ್ರಿಯ, ಯಾರೂ ಕೇಳದಿದ್ದರೂ, ಹೌದೆಂದು ತಲೆಯಾಡಿಸಿದ್ದಳು. ಅವ್ವ ಸುಳ್ಳು ಹೇಳಿದ್ದಕ್ಕಿಂತ ತಾನು ತಲೆಯಾಡಿಸಿದ್ದು ಇವತ್ತಿಗೂ ಅವಳನ್ನು ಸುಡುತ್ತದೆ. ಈಗ ಆ ತಟ್ಟೆ ಕೈಯಲ್ಲಿಲ್ಲ, ಅವ್ವ ಊರಲ್ಲಿದ್ದಾಳೆ, ಇಲ್ಲಿ ವಾಲಿದರೆ ಗೆಲುವು, ವಾಲದಿದ್ದರೆ ಸೋಲು. ಇಷ್ಟೆಲ್ಲ ಗೊತ್ತಿದ್ದೂ, ಬತ್ತಿದ ಆ ಕಣಕಾಲನ್ನು ಅವನು ನೋಡುತ್ತಿದ್ದಾನೆ ಎಂಬುದೊಂದೇ ಉಳಿದು, ಬೆರಳ ತುದಿ ತಾನಾಗಿ ಊರಿತು, ಮಂಡಿ ತಾನಾಗಿ ಬಿಗಿಯಾಯಿತು. ಅಲ್ಲಿಂದಿಲ್ಲಿಗೆ ಮೂವತ್ತು ಹೆಜ್ಜೆ ಅವಳು ಹುಟ್ಟಿದಾಗಿನಿಂದ ನಡೆಯದಷ್ಟು ನೆಟ್ಟಗೆ ನಡೆದಳು. "ಇನ್ನೊಂದು ಸಲ" ಎಂದರು ಡಾಕ್ಟರಮ್ಮ. ಇನ್ನೊಂದು ಸಲವೂ ನಡೆದಳು. ತಿರುಗಿ ಬರುವಾಗ ಅವಳಿಗೆ ಹೆಮ್ಮೆಯಾಗುತ್ತಿತ್ತು, ಅದನ್ನು ಮುಚ್ಚಿಟ್ಟೇನು ಪ್ರಯೋಜನ.

ಅರ್ಧ ಗಂಟೆಯಲ್ಲಿ ಪಟ್ಟಿ ಅಂಟಿಸಿದರು. ಅವಳ ಹೆಸರಿನ ಮುಂದೆ ಹತ್ತು. ಹನುಮಂತಯ್ಯ ಮೇಷ್ಟ್ರು ಪಟ್ಟಿಯನ್ನು ಎರಡು ಸಲ ಓದಿ, ಟೋಪಿ ತೆಗೆದು, ತಲೆ ಕೆರೆದುಕೊಂಡು ಅವಳ ಹತ್ತಿರ ಬಂದರು. ಬಯ್ದಿದ್ದರೆ ಚೆನ್ನಾಗಿತ್ತು. "ಬಾಗ್ಲಲ್ಲೇ ನಿಂತು ನೋಡ್ದೆ ಕಣವ್ವ. ನಂಗೇ ಗೊತ್ತಾಗ್ದಂಗೆ ನಡ್ದುಬುಟ್ಟೆ. ಯಾರ್ ಮುಂದೆ ಮುಚ್ಚಿಡ್ಬೇಕಿತ್ತು ನೀನು? ಅವ್ರೇನು ನಿನ್ನ ಮನೆ ತುಂಬುಸ್ಕೊಳಕ್ ಬಂದಿದ್ರಾ?" ಎರಡು ಗಂಟೆಯೊಳಗೆ ಜೋಡಿಗಳ ಹೆಸರು ಬರೆಸಬೇಕು, ಆಫ್ತಾಬನ ವರ್ಷ ಹಾಳುಮಾಡುವುದಕ್ಕಾಗುವುದಿಲ್ಲ, ಸಿಂಗಲ್ಸಿಗೆ ಎಂದು ಬಂದಿರುವ ಮಾಗಡಿಯ ಸಾನಾ ಇದ್ದಾಳೆ, ಅವಳದು ಒಂಬತ್ತು, ಕೇಳಿ ನೋಡುತ್ತೇನೆ ಎಂದು ಮೇಷ್ಟ್ರು ಹೊರಟರು. ಸಾನಾಳನ್ನು ಭಾನುಪ್ರಿಯ ಬಲ್ಲಳು. ಇಪ್ಪತ್ನಾಲ್ಕರ ಹುಡುಗಿ, ಎಡಗೈ ಮೊಣಕೈಯ ಮೇಲಕ್ಕೇ ನಿಂತುಹೋಗಿದೆ, ಕಾಲು ಎರಡೂ ಜಿಂಕೆಯವು. ಕಂಡಾಗಲೆಲ್ಲ ಅಕ್ಕಾ ಎಂದು ಓಡಿಬರುತ್ತಾಳೆ, ಟಿಫನ್ ಡಬ್ಬಿ ಬಿಚ್ಚಿ ಮುಂದೆ ಹಿಡಿಯುತ್ತಾಳೆ. ಮದುವೆಯಾಗಿಲ್ಲ. ಆಫ್ತಾಬನ ಮನೆಯಲ್ಲಿ ಮಾತಾಡುವ ಭಾಷೆ ಅವಳ ಮನೆಯಲ್ಲೂ ಮಾತಾಡುತ್ತಾರೆ. ದ್ವೇಷಿಸಲು ಒಂದು ಎಳೆಯನ್ನಾದರೂ ಬಿಡದ ಆ ಹುಡುಗಿಯ ಮೇಲೆ ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಆಫ್ತಾಬ್ ಪಕ್ಕದ ಕುರ್ಚಿಗೆ ಬಂದು ಕೂತದ್ದು ಅವಳಿಗೆ ಗೊತ್ತಾಯಿತು, ತಿರುಗಿ ನೋಡಲಿಲ್ಲ. ಈ ವಾರ ಅವನ ಉಗುರಿನಲ್ಲಿ ಹಸಿರಿತ್ತು.

"ಮೇಡಂ, ಒಂದ್ ಕೇಳ್ಲಾ? ಬ್ಯಾಸ್ರ ಮಾಡ್ಕೋಬಾರ್ದು. ನನ್ ಜೊತೆ ಆಡೋದು ಸಾಕಾಯ್ತಾ ನಿಮ್ಗೆ?"

"ಅಯ್ಯೋ, ಇಲ್ಲ" ಎಂದಳು. ದನಿ ಎಷ್ಟು ಜೋರಾಗಿ ಬಂತೆಂದರೆ ಎದುರು ಸಾಲಿನವರು ನೋಡಿದರು.

"ಮತ್ತೆ ಯಾಕ್ ಹಂಗ್ ನಡೆದ್ರಿ?"

ಅವಳು ಚೀಟಿಯನ್ನು ಬಿಡಿಸಿದಳು, ಮಡಿಸಿದಳು. ಹೇಳದೆ ಬಿಟ್ಟರೆ ಇದು ಜನ್ಮಕ್ಕೂ ಬಿಸಿತುಪ್ಪವಾಗಿ ಉಳಿಯುತ್ತದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಇಲ್ನೋಡಿ, ನೀವು ನೋಡ್ತಾ ಇದ್ರಿ" ಎಂದಳು.

ಅವನು ಬಹಳ ಹೊತ್ತು ಕ್ಯಾಲಿಪರಿನ ಬಕಲನ್ನು ಬಿಚ್ಚಿ ಹಾಕಿ ಮಾಡಿದ. ಆಮೇಲೆ ನೆಲದ ಕಡೆಗೇ ಮುಖವಿಟ್ಟು ಮಾತಾಡಿದ. "ಆಡೋವಾಗ ನನ್ ಕಣ್ಣು ಬಾಲ್ ಮ್ಯಾಲಿರ್ತದೆ ಮೇಡಂ. ನೀವೆಲ್ಲಿದೀರ ಅಂತ ತಿರುಗಿ ನೋಡೋಕಾಗಲ್ಲ. ಈ ಕಬ್ಬಿಣ ಕಟ್ಕೊಂಡು ಬೇಗ ಸರಿಯೋಕೂ ಆಗಲ್ಲ. ನಿಮ್ ಎಡಗಾಲು ಟಪ್ ಅಂತ ಬೀಳ್ತದಲ್ಲ, ಅದನ್ನ ಕೇಳ್ಕೊಂಡೇ ನಾನು ಸರಿಯೋದು. ಒಂದೂವರೆ ವರ್ಷದಿಂದ ಹಂಗೇನೆ. ಮಿಷನ್ ಮುಂದೆ ಕೂತಾಗ್ಲೂ ಒಂದೊಂದ್ ಸಲ ಕೇಳಿದಂಗಾಯ್ತದೆ, ಕೈ ನಿಲ್ಲುಸ್ಬುಡ್ತೀನಿ. ಇವತ್ತು ನೀವು ನಡ್ಕೊಂಡ್ ಬಂದ್ರಿ, ಸದ್ದೇ ಬರ್ಲಿಲ್ಲ. ಯಾರೋ ಬ್ಯಾರೆಯೋರು ಬಂದಂಗಾಯ್ತು. ಭಯ ಆಗೋಯ್ತು ನಂಗೆ."

ಹೀಗೆ ಒಬ್ಬರು ತನ್ನನ್ನು ಕಾಯುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಅವಳು ಎಷ್ಟು ವರ್ಷ ಹಂಬಲಿಸಿದ್ದಳು. ತಿಳಿದದ್ದು ಇವತ್ತು, ಎಲ್ಲವನ್ನೂ ಕೈಯಾರೆ ಕೆಡಿಸಿಕೊಂಡು ಕೂತ ಮೇಲೆ. ಮಾಡಿದ್ದುಣ್ಣೋ ಮಹರಾಯ. ಮುಚ್ಚಿಡಬೇಕೆಂದು ಅವ್ವ ಇಪ್ಪತ್ತೆಂಟು ವರ್ಷ ಬಡಿದು ಕಲಿಸಿದ್ದನ್ನೇ ಈ ಮನುಷ್ಯ ಕಿವಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ. ಅವಳು ಶೂ ಹಾಕಿಕೊಳ್ಳದೆ, ಹಾಗೇ ಎದ್ದು, ತಪಾಸಣೆಯ ರೂಮಿನ ಬಾಗಿಲು ತಟ್ಟಿದಳು. ಮರುಪರೀಕ್ಷೆಗೆ ಒಂದು ಅವಕಾಶವಿದೆ ಎಂದು ಪಟ್ಟಿಯ ಕೆಳಗೇ ಬರೆದಿತ್ತು. ಡಾಕ್ಟರಮ್ಮ ಊಟದ ಡಬ್ಬಿ ಮುಚ್ಚಿಟ್ಟು, ಕೈತೊಳೆದು, ಪಡಸಾಲೆಗೆ ಬಂದರು. "ಮೇಡಂ, ಬೆಳಿಗ್ಗೆ ನಾನು ಸರಿಯಾಗಿ ನಡೀಲಿಲ್ಲ" ಎಂದಳು ಭಾನುಪ್ರಿಯ. ಸರಿಯಾಗಿ ಎಂಬ ಮಾತು ಅವಳಿಗೇ ವಿಚಿತ್ರವಾಗಿ ಕೇಳಿಸಿತು. ಬೀರುಗಳ ಸಂದಿಯಲ್ಲಿ ನಡೆಯುವ ಹಾಗೆ ನಡೆಯಬೇಕೆಂದು ಹೊರಟಳು. ಮಂಡಿ ಸಡಿಲಬಿಟ್ಟಳು, ಪಾದ ಮೇಲೆದ್ದು ಜೋತು ಕೆಳಗೆ ಬಡಿಯಿತು, ಸೊಂಟ ಎಡಕ್ಕೆ ಇಳಿಯಿತು. ಆಫ್ತಾಬ್ ಅಲ್ಲೇ ಇದ್ದ, ನೋಡುತ್ತಿದ್ದ, ಅವಳು ನೋಡಲು ಬಿಟ್ಟಳು. ನಾಚಿಕೆಯಿಂದ ಕಿವಿ ಸುಡುತ್ತಿದ್ದರೂ ಅವನ ಕಡೆಗೆ ಹೋಗುವ ಮೂವತ್ತು ಹೆಜ್ಜೆ ಅವಳಿಗೆ ಮುಗಿಯುವುದೇ ಬೇಡವಾಗಿತ್ತು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಬೆಳಿಗ್ಗೆ ನಡೆದಿದ್ದೂ ನೀವೇ ಅಲ್ವಾ? ಎರಡು ಸಲ ನೋಡಿದೀನಿ ನಾನು. ಕಾಲಲ್ಲಿ ಶಕ್ತಿ ಕಮ್ಮಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಅಷ್ಟು ಚೆನ್ನಾಗಿ ನಡೆಯೋಕೆ ಬರುತ್ತೆ ಅಂದ್ರೆ ಬರುತ್ತೆ. ಅಂಕಿ ನೋಡಿದ್ಮೇಲೆ ಕುಂಟೋದು ತುಂಬಾ ಜನ ಮಾಡ್ತಾರಮ್ಮ. ಬರ್ಕೊಂಡು ಮೇಲಕ್ಕೆ ಕಳಿಸಿದ್ರೆ ನಿಮಗೆ ಎರಡು ವರ್ಷ ಆಡೋಕೆ ಬಿಡಲ್ಲ. ನಾನು ಬರ್ಕೊಳ್ಳಲ್ಲ, ಹೋಗಿ." ಒಳ್ಳೆಯ ಹೆಂಗಸು, ದನಿಯಲ್ಲಿ ಕರುಣೆಯೇ ಇತ್ತು. ನಾಟಕವನ್ನು ನಂಬಿದ ಡಾಕ್ಟರು ನಿಜವನ್ನು ನಾಟಕವೆಂದರು. ಹಾಗೆಂದು ಅವರನ್ನು ದೂರಲೂ ಭಾನುಪ್ರಿಯಳಿಗೆ ಬಾಯಿಲ್ಲ. ಮೇಷ್ಟ್ರು ಅಷ್ಟರಲ್ಲಿ ಸಾನಾಳ ಹೆಸರು ಬರೆಸಿ ಬಂದಿದ್ದರು. ಸಾನಾ ಓಡಿಬಂದು, "ಅಕ್ಕಾ, ನಿಮ್ ಜಾಗ ಇದು, ನಾನು ಬರೀ ಇವತ್ತಿಗೆ" ಎಂದು ಒಂದೇ ಕೈಯಲ್ಲಿ ಅವಳ ಎರಡೂ ಕೈ ಹಿಡಿದುಕೊಂಡಳು.

ಆಟ ಶುರುವಾದಾಗ ಮೂರೂವರೆ. ಹೋಗಿಬಿಡಬೇಕೆಂದುಕೊಂಡವಳು ಹೋಗಲಾರದೆ ಮರದ ನೆಲದ ಆ ಹಾಲಿನಲ್ಲಿ ಅವರ ಟೇಬಲ್ಲಿನ ಹಿಂದಿನ ಬೆಂಚಿನ ಮೇಲೆ ಕೂತಿದ್ದಳು. ಎದುರಾಳಿಗಳು ಕನಕಪುರದ ಮುನಾವರ್ ಮತ್ತು ಅವನ ಜೊತೆಗಾತಿ. ಗೆದ್ದವರು ರಾಜ್ಯ ತಂಡಕ್ಕೆ. ಸಾನಾ ಅವಳಿಗಿಂತ ಚೆನ್ನಾಗಿ ಆಡುತ್ತಿದ್ದಳು, ಅದು ಕುರುಡನಿಗೂ ಕಾಣುವಂತಿತ್ತು. ಆಫ್ತಾಬ್ ಹೊಡೆದು ಇನ್ನೂ ನಿಂತಿರುವಾಗಲೇ ಅವನನ್ನು ಬಳಸಿಕೊಂಡು, ಬೆಕ್ಕಿನಷ್ಟೂ ಸದ್ದಿಲ್ಲದೆ, ಅವಳೇ ದಾರಿ ಮಾಡಿಕೊಂಡು ಬರುತ್ತಿದ್ದಳು. ಅವನು ಸರಿಯುವ ಅಗತ್ಯವೇ ಇರಲಿಲ್ಲ. ಒಂದು ಗೇಮು ಇವರಿಗೆ, ಒಂದು ಅವರಿಗೆ, ಹೀಗೇ ಐದನೆಯ ಗೇಮು ಬಂದು ಎಂಟು–ಎಂಟಾಯಿತು. ಭಾನುಪ್ರಿಯಳಿಗೆ ಇನ್ನು ನೋಡಲಾಗಲಿಲ್ಲ. ಅವರು ಸೋಲಲಿ ಎಂದು ತನ್ನ ಮನಸ್ಸು ಎಲ್ಲಿ ಬಯಸಿಬಿಡುತ್ತದೋ ಎಂದು ಹೆದರಿ ಎದ್ದಳು. ಗೋಡೆಯ ಪಕ್ಕದಲ್ಲೇ ಬಾಗಿಲಿನ ಕಡೆಗೆ ಹೊರಟಳು. ಬೆಳಿಗ್ಗೆಯಿಂದ ಬಿಗಿಹಿಡಿದ ಕಾಲು ಸೋತಿತ್ತು, ಇನ್ನು ಮುಚ್ಚಿಡಬೇಕಾದವರು ಯಾರೂ ಇರಲಿಲ್ಲ. ಅಟ್ಟೆ ಎತ್ತರಿಸಿದ ಶೂ ಮರದ ನೆಲಕ್ಕೆ ಟಪ್ಪೆಂದು ಬಿತ್ತು, ಮತ್ತೆ ಬಿತ್ತು. ಹಿಂದಿನಿಂದ ಯಾರೋ ಯಾರಿಗೋ ಡಿಕ್ಕಿ ಹೊಡೆದ ಸದ್ದು ಕೇಳಿಸಿತು. ತಿರುಗಿದಳು. ಹೊಡೆದು ನಿಂತಲ್ಲೇ ನಿಂತಿರಬೇಕಾಗಿದ್ದ ಆಫ್ತಾಬ್ ಎಡಕ್ಕೆ ಸರಿದು, ಆ ಕಡೆಯಿಂದಲೇ ನುಗ್ಗುತ್ತಿದ್ದ ಸಾನಾಳಿಗೆ ಬಡಿದಿದ್ದ. ಚೆಂಡು ಇಬ್ಬರ ಪಕ್ಕದಿಂದ ದಾಟಿಹೋಗಿತ್ತು. ಎಂಟು–ಒಂಬತ್ತು.

ಏನೋ ಹೊಂದಾಣಿಕೆ ತಪ್ಪಿರಬೇಕು ಎಂದುಕೊಂಡು ಅವಳು ಇನ್ನೆರಡು ಹೆಜ್ಜೆ ನಡೆದಳು. ಅವನು ಮತ್ತೆ ಸರಿದ. ಎಂಟು–ಹತ್ತು. "ಭಾಯ್, ಆ ಕಡೆ ಯಾಕ್ ಹೋಗ್ತೀರಾ? ಅಲ್ಲಿ ಯಾರಿದಾರೆ?" ಎಂದು ಸಾನಾ ಕೇಳಿದಳು. ಅವನು ಟೇಬಲ್ಲಿನ ಅಂಚಿಗೆ ಅಂಗೈ ಒತ್ತಿ ಬೆವರು ಒರೆಸುತ್ತಾ ನಿಂತ. ಬಾಗಿಲಿನ ಕಡೆ ಮುಖ ತಿರುಗಿಸಲಿಲ್ಲ, ಆದರೆ ತಲೆ ಒಂದು ಚೂರು ಈ ಕಡೆಗೆ ವಾಲಿತ್ತು. ಭಾನುಪ್ರಿಯಳಿಗೆ ಆಗ ತಿಳಿಯಿತು.

ಬಾಗಿಲು ಇನ್ನೂ ಹದಿನೈದು ಹೆಜ್ಜೆ ದೂರವಿತ್ತು. ತಾನು ಊರುವ ಒಂದೊಂದು ಹೆಜ್ಜೆಗೂ ಅವನು ಅಲ್ಲಿ ತನಗೊಂದು ಜಾಗ ಬಿಡುತ್ತಾನೆ. ಲೋಕವೆಲ್ಲ ನೋಡುತ್ತಿರುವಾಗ, ಸೋಲುವ ಆಟದ ನಡುವೆ, ತಾನು ಅಲ್ಲಿ ಇಲ್ಲದಿದ್ದರೂ ಅವನು ತನಗಾಗಿ ಸರಿಯುತ್ತಾನೆ. ಇನ್ನೊಂದೇ ಒಂದು ಹೆಜ್ಜೆ ಎಂದು ಅವಳ ಇಡೀ ಮೈ ಕೇಳಿತು. ಒಂದು ಹೆಜ್ಜೆಗೆ ಅವನು ಸೋತರೆ ಸೋಲಲಿ, ಮುಂದಿನ ವರ್ಷವಿದೆ, ಸಾನಾ ಮಾಗಡಿಗೆ ಹೋಗುತ್ತಾಳೆ. ಹೀಗೆಲ್ಲ ಅವಳು ನಿಜವಾಗಿಯೂ ಯೋಚಿಸಿದಳು, ನಾಚಿಕೆಯಿಲ್ಲದೆ ಯೋಚಿಸಿದಳು. ಆಮೇಲೆ ಗೋಡೆಗೆ ಕೈಕೊಟ್ಟು, ಎಡಗಾಲನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದು, ಇದ್ದಲ್ಲೇ ನಿಂತುಬಿಟ್ಟಳು. ಬಲಗಾಲು ನಡುಗುತ್ತಿತ್ತು. ಅವನು ಒಂದು ಗಳಿಗೆ ಕಾದ. ಸದ್ದು ಬರಲಿಲ್ಲ. ಬಗ್ಗಿ ಸರ್ವೀಸಿಗೆ ನಿಂತ. ಒಂಬತ್ತು–ಹತ್ತು. ಹತ್ತು–ಹತ್ತು. ಸಾನಾ ಹಾರಿ ಹೊಡೆದದ್ದು ಹನ್ನೊಂದು. ಮುನಾವರನ ಕೊನೆಯ ಚೆಂಡು ನೆಟ್ಟಿಗೆ ಬಿದ್ದು ಹನ್ನೆರಡಾದಾಗ ಮೇಷ್ಟ್ರು ಟೋಪಿ ಮೇಲಕ್ಕೆ ಎಸೆದರು, ಹಾಲಿನ ತುಂಬ ಚಪ್ಪಾಳೆ ಎದ್ದಿತು. ಆ ಚಪ್ಪಾಳೆ ನಿಲ್ಲುವುದರೊಳಗೆ ಭಾನುಪ್ರಿಯ ಕಾಲು ಊರಿ ಬೇಗ ಬೇಗ ಹೊರಗೆ ನಡೆದಳು.